ಆವರಣ ಚಿಹ್ನೆ ಬೇಡವೆಂದ ಯಾನ್ ವುಕಾಶೇವಿಚ್

 

ನಮ್ಮ ಗೋಡೆ ಪತ್ರಿಕೆಯಲ್ಲಿ ಮಹನೀಯರ ಜೀವನ ಚರಿತ್ರೆ ಅಂದ್ರೆ ನಾವು ಸರ್ ಎಂ. ವಿಶ್ವೇಶ್ವರಯ್ಯ, ಕುವೆಂಪು, ಗಾಂಧೀಜಿ ಇವರ ಬಗ್ಗೆಯೇ ಬರೆಯುತ್ತೇವೆ. ಅವರು ದೊಡ್ಡವರು, ಬರೆಯಲೇಬೇಕು. ಆದರೆ ಈ ಸಲ ನಾನು ದೂರದ ಪೋಲೆಂಡ್ ದೇಶದ ಒಬ್ಬರ ಬಗ್ಗೆ ಬರೆಯುತ್ತಿದ್ದೇನೆ. ಗಣಿತ ಮತ್ತು ತರ್ಕಶಾಸ್ತ್ರ ಓದಿದವರಿಗೆಲ್ಲ ಇವರ ಹೆಸರು ಗೊತ್ತು. ನಮ್ಮೂರಿಗೆ ಮಾತ್ರ ಗೊತ್ತಿರಲಿಲ್ಲ. ಇವರು ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ ನಮ್ಮಪ್ಪನಿಗೆ 210 ರೂಪಾಯಿ ಕೊಡಿಸಿದರು. ಅದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ.

ಮದ್ದೂರಿಗೂ ಮಳವಳ್ಳಿಗೂ ನಡುವೆ ಇರೋ ನಮ್ಮ ಕಡೆಯಲ್ಲಿ ಕಬ್ಬಿನ ಲೆಕ್ಕ ಬಾರದಿದ್ದರೆ ನಡೆಯುವುದಿಲ್ಲ. ಒಂದು ಭಾನುವಾರ ನಾನೂ ಅಪ್ಪನ ಜೊತೆ ಆಲೆಮನೆಗೆ ಹೋಗಿದ್ದೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ವೇಬ್ರಿಡ್ಜಿನಲ್ಲಿ 14.28 ಟನ್ ತೂಗಿತು. ಖಾಲಿ ಗಾಡಿ 5.93 ಟನ್. ಟನ್ನಿಗೆ 3000 ರೂಪಾಯಿ ಅಂತ ಮಾತಾಗಿತ್ತು. ಅದರಲ್ಲಿ ಕಟಾವು ಕೂಲಿ, ಸಾಗಾಣಿಕೆ ಸೇರಿ ಟನ್ನಿಗೆ 900 ರೂಪಾಯಿ ಮುರಿದುಕೊಳ್ಳಬೇಕು. ಲೆಕ್ಕ ಬರೆಯುವವರು ಚೀಟಿ ಬರೆದು 17,325 ರೂಪಾಯಿ ಕೊಟ್ಟರು. ಅಪ್ಪ ನನ್ನ ಕೈಗೆ ಮೊಬೈಲ್ ಕೊಟ್ಟು ಒಂದು ಸಲ ನೋಡವ್ವ ಅಂದರು.

ನಾನು ದೊಡ್ಡ ಜಾಣೆ ಹಾಗೆ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಒಂದೇ ಸಾಲಿನಲ್ಲಿ ಒತ್ತಿದೆ. 14.28 − 5.93 × 3000. ಬಂದ ಉತ್ತರ −17,775.72! ಮೈನಸ್! ಕಬ್ಬೂ ಕೊಟ್ಟು ದುಡ್ಡೂ ನಾವೇ ಕೊಡಬೇಕಾ ಅಂತ ಅಲ್ಲಿದ್ದವರೆಲ್ಲ ನಕ್ಕುಬಿಟ್ಟರು. ನನಗೆ ಅಳುವೇ ಬಂತು. ಅಪ್ಪ ಏನೂ ಅನ್ನಲಿಲ್ಲ. ದುಡ್ಡು ಜೇಬಿಗೆ ಹಾಕಿಕೊಂಡು ಸುಮ್ಮನೆ ಮನೆಗೆ ಹೊರಟರು. ಅನುಮಾನ ಇತ್ತು, ಆದರೆ ಮಗಳ ಲೆಕ್ಕವೇ ತಪ್ಪಿದ ಮೇಲೆ ಯಾವ ಬಾಯಲ್ಲಿ ಕೇಳೋದು?

ಸಾಯಂಕಾಲ ಮಂಡ್ಯದಲ್ಲಿ ಡಿಪ್ಲೊಮಾ ಓದುತ್ತಿರುವ ನಮ್ಮ ದೊಡ್ಡಪ್ಪನ ಮಗ ಬಂದಿದ್ದ. ನಾನು ಎಲ್ಲ ಹೇಳಿದೆ. ಅಣ್ಣ ನಗಲಿಲ್ಲ. ಮೊಬೈಲಿನದು ತಪ್ಪಲ್ಲ, ಕಳೆಯುವುದಕ್ಕಿಂತ ಗುಣಿಸುವುದನ್ನು ಮೊದಲು ಮಾಡಬೇಕು ಅನ್ನೋ ನಿಯಮದಂತೆ ಅದು ಮಾಡಿದೆ, ನೀನು ಆವರಣ ಚಿಹ್ನೆ ಹಾಕಿದ್ದರೆ ಸರಿಯಾಗುತ್ತಿತ್ತು ಎಂದ. ಆಮೇಲೆ ತನ್ನ ಮೊಬೈಲಿನಲ್ಲಿ ಫ್ರೀ42 ಅನ್ನೋ ಇನ್ನೊಂದು ಕ್ಯಾಲ್ಕುಲೇಟರ್ ತೆಗೆದ. ಗೆಳೆಯರೇ, ಅದರಲ್ಲಿ ಸಮ ಚಿಹ್ನೆಯ ಗುಂಡಿಯೇ ಇಲ್ಲ! ಅದರ ಬದಲು ಎಂಟರ್ ಅಂತ ಒಂದು ಉದ್ದ ಗುಂಡಿ ಇದೆ.

ಅದರಲ್ಲಿ ಹೀಗೆ ಒತ್ತಬೇಕು. 14.28 ಎಂಟರ್, 5.93, ಆಮೇಲೆ ಕಳೆಯುವ ಗುಂಡಿ. 8.35 ಬಂತು. ಅದನ್ನು ಹಾಗೇ ಬಿಟ್ಟು 3000 ಎಂಟರ್, 900, ಮತ್ತೆ ಕಳೆಯುವ ಗುಂಡಿ. 2100 ಬಂತು. ಕೊನೆಗೆ ಗುಣಿಸುವ ಗುಂಡಿ ಒಂದೇ. 17,535! ಆವರಣ ಚಿಹ್ನೆ ಬೇಡ, ಕಾಗದದಲ್ಲಿ ಗುರುತು ಹಾಕಿಕೊಳ್ಳೋದೂ ಬೇಡ. ನಡುವೆ ಬಂದ 8.35ನ್ನು ಕಣ್ಣಾರೆ ನೋಡಿದ್ದರಿಂದಲೇ ನಮಗೆ ತಪ್ಪು ಸಿಕ್ಕಿತು. ಚೀಟಿಯಲ್ಲಿ 8.25 ಅಂತ ಬರೆದಿತ್ತು. ಮಾರನೇ ದಿನ ಅಪ್ಪ ಚೀಟಿ ತಗೊಂಡು ಹೋಗಿ ತೋರಿಸಿದರು. ಅವರು ನೋಡಿ, ಕಣ್ತಪ್ಪಿನಿಂದ ಆಗಿದೆ ಅಂತ 210 ರೂಪಾಯಿ ಕೊಟ್ಟು ಕಳಿಸಿದರು. ಜಗಳ ಏನೂ ಆಗಲಿಲ್ಲ.

ಇಂಥ ಕ್ಯಾಲ್ಕುಲೇಟರ್ ಯಾರು ಕಂಡುಹಿಡಿದರು ಅಂತ ಅಣ್ಣನನ್ನೂ, ಆಮೇಲೆ ನಮ್ಮ ಗಣಿತದ ಮೇಷ್ಟ್ರನ್ನೂ ಕೇಳಿದೆ. ಆಗ ಗೊತ್ತಾದದ್ದು ಈ ಮಹನೀಯರ ಕಥೆ.

ಯಾನ್ ವುಕಾಶೇವಿಚ್ ಅವರು 1878ನೇ ಇಸವಿ ಡಿಸೆಂಬರ್ 21ರಂದು ಲ್ವೂವ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಪಾವೆಲ್, ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದರು. ತಾಯಿ ಲಿಯೋಪೋಲ್ಡೀನಾ. ಆಗ ಭೂಪಟದಲ್ಲಿ ಪೋಲೆಂಡ್ ಅನ್ನೋ ದೇಶವೇ ಇರಲಿಲ್ಲ. 1795ರಲ್ಲಿ ಅಕ್ಕಪಕ್ಕದ ಮೂರು ದೊಡ್ಡ ರಾಜ್ಯಗಳು ಅದನ್ನು ಹಂಚಿಕೊಂಡು ಮುಗಿಸಿಬಿಟ್ಟಿದ್ದವು. ಲ್ವೂವ್ ಆಸ್ಟ್ರಿಯಾದ ಚಕ್ರವರ್ತಿಯ ಕೈಯಲ್ಲಿತ್ತು. ಈಗ ಆ ಊರು ಯುಕ್ರೇನ್ ದೇಶದಲ್ಲಿದೆ, ಲ್ವಿವ್ ಅಂತ ಕರೆಯುತ್ತಾರೆ.

ವುಕಾಶೇವಿಚ್ ತಮ್ಮ ಊರಿನ ವಿಶ್ವವಿದ್ಯಾಲಯದಲ್ಲೇ ಗಣಿತ ಮತ್ತು ತತ್ತ್ವಶಾಸ್ತ್ರ ಓದಿದರು. ಅಲ್ಲಿ ಅವರಿಗೆ ತ್ವಾರ್ದೋವ್‌ಸ್ಕಿ ಎಂಬ ಒಳ್ಳೆಯ ಗುರುಗಳು ಸಿಕ್ಕಿದರು. 1902ರಲ್ಲಿ ಡಾಕ್ಟರ್ ಪದವಿ ಬಂತು. ತುಂಬಾ ಚೆನ್ನಾಗಿ ಓದಿದ್ದರಿಂದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಅವರಿಂದ ವಜ್ರದ ಉಂಗುರ ಬಹುಮಾನವಾಗಿ ಬಂತು. ನಮಗೆ ಪ್ರತಿಭಾ ಪುರಸ್ಕಾರದಲ್ಲಿ ಸ್ಟೀಲ್ ತಟ್ಟೆ ಕೊಡುತ್ತಾರಲ್ಲ, ಹಾಗೆ ಅಂತ ಇಟ್ಟುಕೊಳ್ಳಿ!

1915ರಲ್ಲಿ ಅವರು ವಾರ್ಸಾ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಹೋದರು. 1918ರಲ್ಲಿ, ಅಂದ್ರೆ 123 ವರ್ಷಗಳ ಮೇಲೆ, ಪೋಲೆಂಡ್ ಮತ್ತೆ ಸ್ವತಂತ್ರವಾಯಿತು. ಹೊಸ ದೇಶಕ್ಕೆ ಶಾಲೆ ಕಾಲೇಜು ಎಲ್ಲ ಹೊಸದಾಗಿ ಆಗಬೇಕಿತ್ತು. 1919ರಲ್ಲಿ ವುಕಾಶೇವಿಚ್ ಅವರು ಶಿಕ್ಷಣ ಮಂತ್ರಿಯಾದರು. ಆದರೆ ಅವರಿಗೆ ಕುರ್ಚಿಗಿಂತ ಕಪ್ಪುಹಲಗೆಯೇ ಇಷ್ಟ. ಅದೇ ವರ್ಷದ ಕೊನೆಗೆ ಮಂತ್ರಿಗಿರಿ ಮುಗಿಯಿತು, ವಾಪಸ್ ಪಾಠಕ್ಕೆ ಬಂದರು. ಮುಂದೆ ಎರಡು ಸಲ ಆ ವಿಶ್ವವಿದ್ಯಾಲಯದ ಮುಖ್ಯಸ್ಥರೂ ಆದರು. ಅವರೂ ಅವರ ಸ್ನೇಹಿತರಾದ ಲೆಶ್ನೆವ್‌ಸ್ಕಿಯವರೂ ಸೇರಿ ತರ್ಕಶಾಸ್ತ್ರದಲ್ಲಿ ವಾರ್ಸಾದ ಹೆಸರು ಪ್ರಪಂಚಕ್ಕೆಲ್ಲ ಗೊತ್ತಾಗುವಂತೆ ಮಾಡಿದರು.

ತರ್ಕಶಾಸ್ತ್ರ ಅಂದ್ರೆ ಏನು? ಒಂದು ಮಾತು ನಿಜವಾದರೆ ಅದರಿಂದ ಇನ್ನೊಂದು ಮಾತು ನಿಜವಾಗುತ್ತದೋ ಇಲ್ಲವೋ ಅಂತ ಲೆಕ್ಕದ ಹಾಗೆ ನೋಡುವ ಶಾಸ್ತ್ರ. ಯಾವ ಮಾತೂ ಒಂದೋ ನಿಜ, ಇಲ್ಲವೋ ಸುಳ್ಳು ಅಂತ ಹಿಂದಿನವರು ಇಟ್ಟುಕೊಂಡಿದ್ದರು. ವುಕಾಶೇವಿಚ್ 1920ರಲ್ಲಿ ಮೂರನೆಯದೂ ಒಂದಿದೆ ಅಂತ ಬರೆದರು. ನಾಳೆ ನಮ್ಮ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡುತ್ತಾರೆ ಅನ್ನೋ ಮಾತು ತಗೊಳ್ಳಿ. ಈವತ್ತಿಗೆ ಅದು ನಿಜವೂ ಅಲ್ಲ, ಸುಳ್ಳೂ ಅಲ್ಲ. ಆಗಬಹುದು ಅಷ್ಟೆ. ಆ ಆಗಬಹುದು ಅನ್ನೋದಕ್ಕೂ ಅವರು ಲೆಕ್ಕದಲ್ಲಿ ಒಂದು ಜಾಗ ಕೊಟ್ಟರು. ನಮ್ಮ ಮಂಡ್ಯ ಜಿಲ್ಲೆಯ ರೈತರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ!

ಈಗ ನಮ್ಮ ಕ್ಯಾಲ್ಕುಲೇಟರಿನ ವಿಷಯಕ್ಕೆ ಬರುತ್ತೇನೆ. ತರ್ಕದ ವಾಕ್ಯಗಳಲ್ಲಿ ಆವರಣ ಚಿಹ್ನೆಗಳು ಒಂದರೊಳಗೊಂದು ತುಂಬಿ ಕಬ್ಬಿನ ಗದ್ದೆ ಹಾಗೆ ಆಗುತ್ತಿದ್ದವು. ಆವರಣ ಇಲ್ಲದಿದ್ದರೆ ಅರ್ಥ ಕೆಡುತ್ತಿತ್ತು. ಹಳೇ ಎತ್ತು ಮತ್ತು ಗಾಡಿ ಅಂತ ನಾನು ಬರೆದರೆ ಎತ್ತು ಮಾತ್ರ ಹಳೇದೋ, ಗಾಡಿಯೂ ಹಳೇದೋ, ನಿಮಗೆ ಹೇಗೆ ಗೊತ್ತಾಗುತ್ತದೆ? 1924ರಲ್ಲಿ ವುಕಾಶೇವಿಚ್ ಅವರಿಗೆ ಒಂದು ಉಪಾಯ ಹೊಳೆಯಿತು. ಚಿಹ್ನೆಯನ್ನು ನಡುವೆ ಇಡುವ ಬದಲು ಮೊದಲೇ ಇಟ್ಟುಬಿಟ್ಟರೆ ಆವರಣವೇ ಬೇಡ! 2 × (3 + 4) ಅಂತ ನಾವು ಬರೆಯುವುದು ಅವರ ರೀತಿಯಲ್ಲಿ × 2 + 3 4 ಆಗುತ್ತದೆ. ಯಾವುದು ಯಾವುದರ ಜೊತೆ ಸೇರಬೇಕು ಅನ್ನೋದರಲ್ಲಿ ಗೊಂದಲವೇ ಬರುವುದಿಲ್ಲ. ಅವರ ಹೆಸರು ಬೇರೆ ದೇಶದವರ ನಾಲಿಗೆಗೆ ಹೊರಳುತ್ತಿರಲಿಲ್ಲ. ಅದಕ್ಕೇ ಜನ ಇದನ್ನು ಪೋಲಿಷ್ ಬರಹ ಅಂತಲೇ ಕರೆದರು.

ಇಷ್ಟು ಹೊತ್ತಿಗೆ ಅವರಿಗೆ ಹೆಸರು, ಮನೆ, ಪುಸ್ತಕ, ಶಿಷ್ಯರು ಎಲ್ಲ ಇತ್ತು. ಆದರೆ 1939ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಹಿಟ್ಲರನ ಸೈನ್ಯ ಪೋಲೆಂಡಿನ ಮೇಲೆ ಬಿತ್ತು. ಬಾಂಬು ಬಿದ್ದು ವುಕಾಶೇವಿಚ್ ಅವರ ಮನೆ ಸುಟ್ಟುಹೋಯಿತು. ಪುಸ್ತಕಗಳು, ಇಷ್ಟು ವರ್ಷ ಕೈಯಲ್ಲಿ ಬರೆದಿಟ್ಟ ಹಾಳೆಗಳು ಸುಟ್ಟು ಬೂದಿಯಾದವು. ಆಗ ಅವರಿಗೆ 60 ವರ್ಷ. ಇದನ್ನು ಓದಿದಾಗ ನನಗೆ ಬಹಳ ಸಂಕಟವಾಯಿತು. ಒಂದು ನೋಟ್ ಪುಸ್ತಕ ಮಳೆಯಲ್ಲಿ ನೆನೆದರೇ ನಾವು ಎಷ್ಟು ಅಳುತ್ತೇವೆ!

ಜರ್ಮನರು ವಿಶ್ವವಿದ್ಯಾಲಯಕ್ಕೆ ಬೀಗ ಹಾಕಿದರು. ಪಾಠ ಹೇಳುವುದು ಅಪರಾಧವಾಯಿತು. ಆದರೂ ಪೋಲೆಂಡಿನ ಗುರುಗಳು ಗುಟ್ಟಾಗಿ ಪಾಠ ಹೇಳುತ್ತಿದ್ದರು. ಅವರಲ್ಲಿ ವುಕಾಶೇವಿಚ್ ಕೂಡ ಒಬ್ಬರು. ಸಿಕ್ಕಿಬಿದ್ದರೆ ಜೀವಕ್ಕೇ ಸಂಚಕಾರ. ಆ ಯುದ್ಧದಲ್ಲಿ ಪೋಲೆಂಡಿನ ಜನ ದಿಕ್ಕಾಪಾಲಾದರು. ಕೆಲವು ಸಾವಿರ ಜನ ನಮ್ಮ ಬೆಳಗಾವಿ ಕಡೆಗೆ ಹತ್ತಿರವಿರುವ ಕೊಲ್ಲಾಪುರದ ಪಕ್ಕದ ವಳಿವಡೆ ಶಿಬಿರಕ್ಕೂ ಬಂದು ಇದ್ದರಂತೆ.

1944ರ ಜುಲೈನಲ್ಲಿ, ಇನ್ನು ಸೋವಿಯತ್ ಸೈನ್ಯ ಬರುತ್ತದೆ ಎಂಬ ಭಯದಿಂದ, ವುಕಾಶೇವಿಚ್ ಹೆಂಡತಿ ರೆಜೀನಾ ಜೊತೆ ವಾರ್ಸಾ ಬಿಟ್ಟರು. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿದ್ದ ಒಬ್ಬ ಪ್ರಾಧ್ಯಾಪಕ ಸ್ನೇಹಿತರು ಅವರಿಗೆ ಸಹಾಯ ಮಾಡಿದರು. ಶತ್ರು ದೇಶದಲ್ಲೂ ಸ್ನೇಹಿತರು ಇರುತ್ತಾರೆ ನೋಡಿ. ಯುದ್ಧ ಮುಗಿದ ಮೇಲೆ ಬೆಲ್ಜಿಯಂಗೆ ಹೋದರು. ಹುಟ್ಟಿದ ಊರು ಲ್ವೂವ್ ಸೋವಿಯತ್ ದೇಶಕ್ಕೆ ಸೇರಿಹೋಗಿತ್ತು, ವಾಪಸ್ ಹೋಗುವ ಹಾಗಿರಲಿಲ್ಲ. ಕೊನೆಗೆ 1946ರಲ್ಲಿ ಐರ್ಲೆಂಡ್ ದೇಶ ಅವರನ್ನು ಕರೆಸಿಕೊಂಡಿತು. ಅಲ್ಲಿನ ಪ್ರಧಾನಿ ಡಿ ವಲೇರಾ ಅವರು ಮೊದಲು ಗಣಿತದ ಮೇಷ್ಟ್ರಾಗಿದ್ದವರು! ಡಬ್ಲಿನ್ ನಗರದಲ್ಲಿ ವುಕಾಶೇವಿಚ್ ಅವರಿಗೆ ಮತ್ತೆ ಪ್ರಾಧ್ಯಾಪಕರ ಕೆಲಸ ಸಿಕ್ಕಿತು. ಆಗ ಅವರಿಗೆ 67 ವರ್ಷ. ನಮ್ಮಲ್ಲಾದರೆ ಜಗಲಿ ಮೇಲೆ ಕೂರುವ ವಯಸ್ಸು. ಅವರು ಮೊದಲಿನಿಂದ ಶುರು ಮಾಡಿದರು. 1951ರಲ್ಲಿ ಅರಿಸ್ಟಾಟಲನ ತರ್ಕದ ಮೇಲೆ ಒಂದು ದೊಡ್ಡ ಪುಸ್ತಕ ತಂದರು.

1956ರ ಫೆಬ್ರವರಿ 13ರಂದು ಡಬ್ಲಿನ್‌ನಲ್ಲಿ ತೀರಿಕೊಂಡರು. 77 ವರ್ಷ ಬದುಕಿದ್ದರು. ಅಲ್ಲೇ ಮಣ್ಣು ಮಾಡಿದರು. 2022ರಲ್ಲಿ ಅವರ ಅವಶೇಷಗಳನ್ನು ವಾರ್ಸಾಗೆ ತಂದು ಗೌರವದಿಂದ ಮತ್ತೆ ಮಣ್ಣು ಮಾಡಿದರು.

ಅವರು ಹೋದ ಮೇಲೂ ಅವರ ಉಪಾಯ ನಿಲ್ಲಲಿಲ್ಲ. 1950ರ ದಶಕದಲ್ಲಿ ಕಂಪ್ಯೂಟರ್ ಮಾಡುವವರು ಚಿಹ್ನೆಯನ್ನು ಮೊದಲು ಇಡುವ ಬದಲು ಕೊನೆಗೆ ಇಟ್ಟರೆ ಯಂತ್ರಕ್ಕೆ ಇನ್ನೂ ಸುಲಭ ಎಂದು ಕಂಡುಕೊಂಡರು. ಅವರಲ್ಲಿ ಆಸ್ಟ್ರೇಲಿಯಾದ ಚಾರ್ಲ್ಸ್ ಹ್ಯಾಂಬ್ಲಿನ್ ಒಬ್ಬರು. ಆಗ 2 × (3 + 4) ಅನ್ನೋದು 2 3 4 + × ಆಗುತ್ತದೆ. ಇದೇ ತಿರುವುಮುರುವು ಪೋಲಿಷ್ ಬರಹ. ಯಂತ್ರ ಬಂದ ಸಂಖ್ಯೆಗಳನ್ನು ಬಿಸಿಯೂಟದ ತಟ್ಟೆಗಳ ಹಾಗೆ ಒಂದರ ಮೇಲೊಂದು ಪೇರಿಸುತ್ತದೆ. ಚಿಹ್ನೆ ಬಂದ ಕೂಡಲೇ ಮೇಲಿನ ಎರಡು ತಟ್ಟೆ ತೆಗೆದು ಲೆಕ್ಕ ಮಾಡಿ, ಉತ್ತರವನ್ನು ಮತ್ತೆ ಮೇಲಿಡುತ್ತದೆ. 1972ರಲ್ಲಿ ಅಮೆರಿಕದ ಎಚ್‌ಪಿ ಕಂಪನಿ ಅಂಗಿ ಜೇಬಿಗೆ ಹಿಡಿಸುವ ಎಚ್‌ಪಿ-35 ಅನ್ನೋ ಕ್ಯಾಲ್ಕುಲೇಟರ್ ಮಾಡಿತು. ಅದರಲ್ಲಿ ಇದ್ದದ್ದು 35 ಗುಂಡಿ, ಬೆಲೆ 395 ಡಾಲರ್. ಅದು ಕೆಲಸ ಮಾಡುತ್ತಿದ್ದದ್ದೂ ಇದೇ ರೀತಿಯಲ್ಲಿ. ಆ ಕಂಪನಿಯ ಮುಂದಿನ ಒಂದು ಕ್ಯಾಲ್ಕುಲೇಟರಿನ ಹಾಗೆ ಮಾಡಿದ್ದೇ ನಮ್ಮಣ್ಣನ ಮೊಬೈಲಿನಲ್ಲಿರೋ ಫ್ರೀ42.

ಗೆಳೆಯರೇ, ನನಗೆ ಎಲ್ಲಕ್ಕಿಂತ ಆಶ್ಚರ್ಯವಾದದ್ದು ಬೇರೆ. ಆ ರಾತ್ರಿ ಅಣ್ಣ ಲೆಕ್ಕ ತೋರಿಸುವಾಗ ನಮ್ಮಜ್ಜಿ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿತ್ತು. ಅಜ್ಜಿ ಶಾಲೆಗೆ ಹೋದದ್ದಿಲ್ಲ. ಇದರಲ್ಲಿ ಏನು ಹೊಸದು, ನಾವು ಹೇಳೋದೇ ಹೀಗಲ್ಲವಾ ಅಂತು. ಯೋಚಿಸಿ ನೋಡಿದೆ. ಹೌದು! ಬಾಯಿಲೆಕ್ಕದಲ್ಲಿ ಮೇಷ್ಟ್ರು ನಮಗೆ ಐದಕ್ಕೆ ಮೂರು ಕೂಡು, ಹನ್ನೆರಡರಿಂದ ಏಳು ಕಳೆ ಅಂತಲೇ ಹೇಳೋದು. ಸಂಖ್ಯೆ ಮೊದಲು, ಮಾಡುವ ಕೆಲಸ ಕೊನೆಗೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಅಂತ ವ್ಯಾಕರಣದಲ್ಲಿ ಓದಿದ್ದೇವಲ್ಲ, ಅದೇ. ಎಂಜಿನಿಯರುಗಳು ಕಷ್ಟಪಟ್ಟು ಕಲಿಯುವ ಕ್ಯಾಲ್ಕುಲೇಟರು ನಮ್ಮಜ್ಜಿ ಮಾತಾಡೋ ಹಾಗೆ ಮಾತಾಡುತ್ತದೆ!

ವುಕಾಶೇವಿಚ್ ಅವರ ಮನೆ ಸುಟ್ಟಿತು, ಊರು ತಪ್ಪಿತು, ಹಾಳೆಗಳು ಬೂದಿಯಾದವು. ಆದರೆ ಅವರು ಯೋಚಿಸಿದ ರೀತಿ ಶಿಷ್ಯರ ತಲೆಯಲ್ಲಿ ಉಳಿದಿತ್ತು, ಅದು ಎಲ್ಲೆಲ್ಲೋ ಸುತ್ತಿ ನಮ್ಮೂರಿನ ಆಲೆಮನೆ ತನಕ ಬಂತು. ನಾನಂತೂ ಈಗ ಯಾವ ಲೆಕ್ಕ ಮಾಡಿದರೂ ನಡುವಿನ ಉತ್ತರ ಒಂದು ಸಲ ನಿಂತು ನೋಡುತ್ತೇನೆ. ಮುಂದಿನ ಕಬ್ಬಿನ ಕಟಾವಿಗೆ ಅಪ್ಪ ನನ್ನನ್ನೇ ಕರಕೊಂಡು ಹೋಗುತ್ತಾರಂತೆ. ನಿಮ್ಮ ಮನೆ ಚೀಟಿಗಳಿದ್ದರೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ತನ್ನಿ, ಕೂತು ನೋಡೋಣ.

ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೋರುತ್ತೇನೆ.

ಇಂತಿ,
7ನೇ ತರಗತಿ ವಿದ್ಯಾರ್ಥಿನಿ