ಕೊಲೆಯ ಹಾಡುಗಳನ್ನು ಕಾಪಾಡಿದ ಆನಾ

ಅಜ್ಜಿಯ ಬಾಯಲ್ಲಿ 'ಕೆರೆಗೆ ಹಾರ' ಕೇಳಿ ಬೆಳೆದವಳು ನಾನು. ಮನೆಯವರೇ ಕಿರಿಸೊಸೆ ಭಾಗೀರಥಿಯನ್ನು ಕೆರೆಗೆ ಬಲಿ ಕೊಟ್ಟ ಕಥೆ ಅದು. ಇಂಥ ಸಾವುಗಳನ್ನು ಹಾಡಾಗಿ ಉಳಿಸಿದ ಹೆಂಗಸರು ಬೇರೆ ನಾಡಿನಲ್ಲೂ ಇದ್ದರೇ ಎಂದು ಹುಡುಕಿದಾಗ ಸಿಕ್ಕವರು ಸ್ಕಾಟ್ಲೆಂಡಿನ ಆನಾ ಗಾರ್ಡನ್.

ಅವರು ಹುಟ್ಟಿದ್ದು 1747ರಲ್ಲಿ, ಅಬರ್ಡೀನ್‌ನಲ್ಲಿ. ತಂದೆ ಪ್ರೊಫೆಸರ್. ಆದರೆ ಹಾಡುಗಳು ಬಂದದ್ದು ಪುಸ್ತಕದಿಂದಲ್ಲ. ತಾಯಿ, ತಾಯಿಯ ಸೋದರಿ ಮತ್ತು ಮನೆಯ ದಾದಿಯಿಂದ.

ಅವುಗಳಲ್ಲಿ ಅಕ್ಕತಂಗಿಯರ ಹಾಡೊಂದಿದೆ. ಹೊಟ್ಟೆಕಿಚ್ಚಿನಿಂದ ಅಕ್ಕ ತಂಗಿಯನ್ನು ನೀರಿಗೆ ತಳ್ಳುತ್ತಾಳೆ. ಸತ್ತವಳ ಕೂದಲನ್ನೇ ತಂತಿಯಾಗಿ ಬಿಗಿದ ಹಾರ್ಪ್ ವಾದ್ಯ, ಹೆತ್ತವರ ಎದುರಿಗೇ ಕೊಂದವಳು ಯಾರೆಂದು ಹೇಳಿಬಿಡುತ್ತದೆ.

ಆನಾ ಹಾಡಿದ್ದನ್ನು ಸೋದರಿಯ ಮಗ ಬರೆದುಕೊಂಡರು. ಪಾದ್ರಿ ಆಂಡ್ರ್ಯೂ ಬ್ರೌನ್‌ರನ್ನು ಮದುವೆಯಾಗಿ ಆನಾ ಫಾಕ್‌ಲೆಂಡ್ ಊರಿನ ಮಿಸೆಸ್ ಬ್ರೌನ್ ಆದರು. 1802ರಲ್ಲಿ ವಾಲ್ಟರ್ ಸ್ಕಾಟ್ ತಮ್ಮ ಸಂಗ್ರಹಕ್ಕೆ ಅವರ ಹಾಡುಗಳನ್ನು ಬಳಸಿಕೊಂಡರು. 1810ರಲ್ಲಿ ಆನಾ ತೀರಿಕೊಂಡರು. ಮುಂದೆ ಹಾರ್ವರ್ಡ್‌ನ ಫ್ರಾನ್ಸಿಸ್ ಚೈಲ್ಡ್ 305 ಲಾವಣಿಗಳನ್ನು ಒಟ್ಟುಗೂಡಿಸಿದಾಗ, ಆನಾ ಹಾಡಿದ ಪಾಠಗಳಿಗೇ ಬಹಳ ಬೆಲೆ ಕೊಟ್ಟರು.

ಆಫೀಸಿನಲ್ಲಿ ದಿನವೂ ಡೇಟಾ ಬ್ಯಾಕಪ್ ನೋಡಿಕೊಳ್ಳುವ ನನಗೆ ಅಜ್ಜಿಯ ಹಾಡು ಅರ್ಧ ಮಾತ್ರ ನೆನಪಿದೆ. ಅಜ್ಜಿ ಈಗಿಲ್ಲ. ಉಳಿದರ್ಧ ಅಮ್ಮನಿಗೆ ಗೊತ್ತು. ಈ ಸಲ ಊರಿಗೆ ಹೋದಾಗ ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿಕೊಂಡು ಅಮ್ಮನ ಪಕ್ಕ ಕೂರುತ್ತೇನೆ. ನೀವೂ ಕೂರಿ.