ಕಾಲೇಜಿನ ಅಂಗಳದಿಂದ ಒಂದು ಪತ್ರಿಕೆ: ಪ್ರೊ. ಎ.ಆರ್. ಕೃಷ್ಣಶಾಸ್ತ್ರಿ

ನಮ್ಮ ಹುನಗುಂದದ ಪ್ರೌಢಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಹಿರಿಯರೊಬ್ಬರ ಜೀವನ ಕುರಿತು ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ಗೆಳೆಯರು ಕೇಳಿದಾಗ ನನಗೆ ಹೊಳೆದದ್ದು ಪ್ರೊ. ಎ.ಆರ್. ಕೃಷ್ಣಶಾಸ್ತ್ರಿಗಳ ಹೆಸರು. ಅವರು ನಮ್ಮ ಸೀಮೆಯವರಲ್ಲ. ಆದರೆ ವಿದ್ಯಾರ್ಥಿಗಳಿಂದ ಬರೆಸಿ, ತಿದ್ದಿ, ಅದನ್ನೊಂದು ಪತ್ರಿಕೆಯಾಗಿ ಹೊರತರಲು ಹೊರಟ ಕನ್ನಡ ಶಿಕ್ಷಕರೆಲ್ಲ ನಡೆದದ್ದು ಅವರ ಹಾದಿಯಲ್ಲೇ. ಈ ಶಾಲೆಯ ಗೋಡೆಪತ್ರಿಕೆಯನ್ನು ಹಲವು ವರ್ಷ ನೋಡಿಕೊಂಡವನಾಗಿ ಈ ಮಾತು ಹೇಳುತ್ತೇನೆ.

ಶಾಸ್ತ್ರಿಗಳು ಹುಟ್ಟಿದ್ದು 1890ರಲ್ಲಿ. ಮನೆತನದ ಊರು ಚಿಕ್ಕಮಗಳೂರು ಜಿಲ್ಲೆಯ ಅಂಬಳೆ. ತಂದೆ ಸಂಸ್ಕೃತ ವಿದ್ವಾಂಸರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಮೇಲೆ ಬೆಂಗಳೂರಿನ ಅಠಾರಾ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. ಅಲ್ಲೇ ಉಳಿದಿದ್ದರೆ ಒಳ್ಳೆಯ ಸರಕಾರಿ ನೌಕರರೊಬ್ಬರು ನಿವೃತ್ತರಾಗುತ್ತಿದ್ದರು, ಅಷ್ಟೇ. ಅವರು ಕಡತ ಬಿಟ್ಟು ಪಾಠ ಹೇಳಲು ಸೆಂಟ್ರಲ್ ಕಾಲೇಜಿಗೆ ಬಂದರು.

ಆಗ ಕಾಲೇಜು ಎಂದರೆ ಇಂಗ್ಲಿಷು. ಚೆನ್ನಾಗಿ ಓದುವ ಹುಡುಗ ಕನ್ನಡದಲ್ಲಿ ಬರೆಯುವುದು ಗೌರವದ ಕೆಲಸವೆನಿಸಿರಲಿಲ್ಲ. ಶಾಸ್ತ್ರಿಗಳು ಇದರ ವಿರುದ್ಧ ಭಾಷಣ ಮಾಡುತ್ತ ಕೂಡಲಿಲ್ಲ. ಕಾಲೇಜಿನಲ್ಲಿ ಕರ್ನಾಟಕ ಸಂಘ ಕಟ್ಟಿ ಹುಡುಗರನ್ನು ಸೇರಿಸಿದರು. 1919ರಲ್ಲಿ ಆ ಸಂಘದಿಂದಲೇ ‘ಪ್ರಬುದ್ಧ ಕರ್ನಾಟಕ’ ಎಂಬ ತ್ರೈಮಾಸಿಕ ಹೊರಟಿತು. ಸಂಪಾದಕರು ಅವರೇ. ಅಂದಿನ ಸಂಪಾದಕನೆಂದರೆ ಲೇಖನ ಬೇಡುವವನೂ ಅವನೇ, ಕರಡು ತಿದ್ದುವವನೂ ಅವನೇ, ಚಂದಾದಾರರನ್ನು ಹುಡುಕುವವನೂ ಅವನೇ. ಇದೆಲ್ಲ ಪಾಠ ಮುಗಿದ ಮೇಲಿನ ದುಡಿಮೆ. ಸಂಬಳದ ಲೆಕ್ಕಕ್ಕೆ ಬಾರದ ಇಂಥ ಕೆಲಸ ಎಷ್ಟು ಹೊತ್ತು ತಿನ್ನುತ್ತದೆ ಎಂಬುದು ಮಾಡಿದ ಶಿಕ್ಷಕರಿಗೇ ಗೊತ್ತು.

ಕವಿತೆ, ಕಥೆ, ಸಂಶೋಧನೆ, ಪುಸ್ತಕ ವಿಮರ್ಶೆ ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಪಂಡಿತರ ಲೇಖನವಿದ್ದ ಪತ್ರಿಕೆಯಲ್ಲೇ ಹೊಸಬರೂ ಬರೆಯಬಹುದಿತ್ತು. ನನಗೆ ದೊಡ್ಡದೆನಿಸುವುದು ಇದೇ. ಶಾಸ್ತ್ರಿಗಳು ತಾವೂ ಶ್ರೀಪತಿ ಎಂಬ ಹೆಸರಿನಲ್ಲಿ ಕಥೆ ಬರೆದರು. ಸಂಸ್ಕೃತದಲ್ಲಿ ಮುಳುಗೆದ್ದವರಾದರೂ ಅವರ ಗದ್ಯ ತಿಳಿನೀರಿನಂತಿತ್ತು.

ಆ ತಿಳಿತನ ಎಷ್ಟು ಕಷ್ಟವೆಂದು ನಮ್ಮ ಗೋಡೆಪತ್ರಿಕೆಯಲ್ಲೇ ಕಂಡಿದ್ದೇನೆ. ಕ್ರೀಡಾಕೂಟ ಮುಗಿದ ಮರುದಿನ ಹುಡುಗರು ಕಬಡ್ಡಿ ಪಂದ್ಯದ ವರದಿ ತರುತ್ತಿದ್ದರು. ತಂಡವೇನೋ ಸಿಂಹದಂತೆ ಗರ್ಜಿಸಿರುತ್ತಿತ್ತು, ಆದರೆ ಗೆದ್ದವರು ಯಾರು, ಎಷ್ಟು ಅಂಕದಿಂದ ಎಂಬುದು ಎಲ್ಲೂ ಇರುತ್ತಿರಲಿಲ್ಲ! ಸಿಂಹವನ್ನು ತೆಗೆದು ಅಂಕ ಬರೆಸುವಷ್ಟರಲ್ಲಿ ಸಂಜೆಯಾಗುತ್ತಿತ್ತು.

ಆ ಕಾಲದ ಕನ್ನಡ ನಾಡನ್ನೂ ನೆನೆಯಬೇಕು. ನಮ್ಮ ಹುನಗುಂದ ಆಗ ಮುಂಬಯಿ ಆಧಿಪತ್ಯದ ವಿಜಾಪುರ ಜಿಲ್ಲೆಯಲ್ಲಿತ್ತು. ಇಳಕಲ್ಲ ದಾಟಿ ಕುಷ್ಟಗಿಗೆ ಹೋದರೆ ನಿಜಾಮರ ಸೀಮೆ, ಅಲ್ಲಿ ಉರ್ದು ಆಡಳಿತ. ಬೆಂಗಳೂರು, ಮೈಸೂರು ಅರಸರ ರಾಜ್ಯ. ಹೀಗೆ ಹರಿದು ಹಂಚಿದ ಜನರಿಗೆ ಕೈಯಿಂದ ಕೈಗೆ ಸಾಗುವ ಕನ್ನಡ ಪತ್ರಿಕೆಯೊಂದು ಕೇವಲ ಓದುವ ಸಾಮಗ್ರಿಯಾಗಿರಲಿಲ್ಲ. 1941ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಿಜಾಮರ ರಾಜಧಾನಿ ಹೈದರಾಬಾದಿನಲ್ಲೇ ನಡೆಯಿತು. ಅಧ್ಯಕ್ಷತೆ ವಹಿಸಿದವರು ಶಾಸ್ತ್ರಿಗಳು.

ಮುಂದೆ ಪ್ರಬುದ್ಧ ಕರ್ನಾಟಕವನ್ನು ಮೈಸೂರು ವಿಶ್ವವಿದ್ಯಾಲಯ ವಹಿಸಿಕೊಂಡಿತು. ಸೆಂಟ್ರಲ್ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಂದ ಬರೆಸುವ ಕೆಲಸವನ್ನು, ನಮ್ಮ ಮಕ್ಕಳಿಗೆಲ್ಲ ಶಿಶುಗೀತೆಗಳಿಂದ ಪರಿಚಿತರಾದ ಜಿ.ಪಿ. ರಾಜರತ್ನಂ ಮುಂದುವರಿಸಿದರು. ಶಾಸ್ತ್ರಿಗಳಿಗೆ ಬಂಗಾಳಿಯೂ ಬರುತ್ತಿತ್ತು. ಬಂಕಿಮಚಂದ್ರರ ಬಗ್ಗೆ ಬರೆದ ಗ್ರಂಥಕ್ಕೆ 1961ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. 1968ರಲ್ಲಿ ಅವರು ತೀರಿಕೊಂಡರು.

ಹಳ್ಳಿಗರಿಗೆ ಅವರು ಹತ್ತಿರವಾದದ್ದು ಮಾತ್ರ ‘ವಚನ ಭಾರತ’ದಿಂದ. ಇಡೀ ಮಹಾಭಾರತವನ್ನು ಒಂದೇ ಸಂಪುಟದ ಸರಳ ಗದ್ಯಕ್ಕೆ ಇಳಿಸಿದ ಪುಸ್ತಕವದು. ನಮ್ಮ ಗ್ರಂಥಾಲಯದ ಪ್ರತಿಗೆ ಎರಡು ಸಲ ರಟ್ಟು ಹಾಕಿಸಿದ್ದೆ. ಮನೆಗೆ ಒಯ್ದ ಹುಡುಗರು ವಾಯಿದೆಗೆ ಸರಿಯಾಗಿ ತಂದುಕೊಟ್ಟದ್ದು ಕಡಿಮೆ. ಕೇಳಿದರೆ, ಅಜ್ಜ ಇನ್ನೂ ಓದಿಸಿಕೊಳ್ಳುತ್ತಿದ್ದಾನೆ ಎನ್ನುತ್ತಿದ್ದರು.