ಅಮೇಲಿಯಾ ಇಯರ್‌ಹಾರ್ಟ್ ಜಪಾನೀಯರ ಸೆರೆಯಲ್ಲಿದ್ದರೇ? ಫಾರ್ವರ್ಡ್‌ಗಳು ಹೇಳದ ಕಥೆ

ಬಂದರಿನ ಕಟ್ಟೆಯ ಮೇಲೆ ಕೆಲವರು ನಿಂತಿದ್ದಾರೆ. ಒಬ್ಬರು ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂತಿದ್ದಾರೆ. ಕೂತವರು 1937ರಲ್ಲಿ ಕಾಣೆಯಾದ ಮಹಿಳಾ ಪೈಲಟ್ ಅಮೇಲಿಯಾ ಇಯರ್‌ಹಾರ್ಟ್, ಅವರನ್ನು ಜಪಾನೀಯರು ಹಿಡಿದಿಟ್ಟಿದ್ದರು ಎಂಬ ಬರಹದೊಂದಿಗೆ ಈ ಕಪ್ಪುಬಿಳುಪು ಫೋಟೋ ಹರಿದಾಡುತ್ತದೆ. ನಿಮ್ಮ ಫೋನಿಗೂ ಬಂದಿರಬಹುದು. ಅದು ನಿಜವೇ ಎಂದು ನೋಡುವ ಮೊದಲು, ಆಕೆ ಯಾರು, ಆ ದಿನ ಆಗಿದ್ದೇನು ಎಂದು ತಿಳಿಯೋಣ.

ಹತ್ತು ನಿಮಿಷದ ಹಾರಾಟ

ಅಮೇಲಿಯಾ ಹುಟ್ಟಿದ್ದು 1897ರ ಜುಲೈ 24ರಂದು, ಅಮೆರಿಕದ ಕಾನ್ಸಾಸ್ ರಾಜ್ಯದ ಆಚಿಸನ್ ಊರಿನಲ್ಲಿ. ತಂದೆ ರೈಲ್ವೆಗೆ ಕೆಲಸ ಮಾಡುತ್ತಿದ್ದ ವಕೀಲರು. ಅವರ ಕುಡಿತದಿಂದ ಮನೆ ನೆಲೆ ನಿಲ್ಲಲಿಲ್ಲ. ಮೊದಲ ಮಹಾಯುದ್ಧದ ಕೊನೆಯ ವರ್ಷ ಅಮೇಲಿಯಾ ಕೆನಡಾದ ಟೊರಾಂಟೊದಲ್ಲಿ ಗಾಯಾಳು ಸೈನಿಕರ ಆರೈಕೆ ಮಾಡಿದರು. 1918ರ ಫ್ಲೂ ಅವರನ್ನೂ ಹಿಡಿಯಿತು. ಅದರಿಂದ ಅಂಟಿಕೊಂಡ ಸೈನಸ್ ತೊಂದರೆ ಜೀವನವಿಡೀ ಕಾಡಿತು.

1920ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹತ್ತು ನಿಮಿಷ ವಿಮಾನದಲ್ಲಿ ಕೂತು ಬಂದರು. ಅಷ್ಟೇ ಸಾಕಾಯಿತು. ಮುಂದಿನ ತಿಂಗಳೇ ನೀಟಾ ಸ್ನೂಕ್ ಎಂಬ ಮಹಿಳಾ ಪೈಲಟ್ ಬಳಿ ಪಾಠ ಶುರು. ಫೀಸು ಕಟ್ಟಲು ಟೆಲಿಫೋನ್ ಕಂಪನಿಯಲ್ಲೂ ದುಡಿದರು. ಸೆಕೆಂಡ್ ಹ್ಯಾಂಡ್ ಹಳದಿ ವಿಮಾನವೊಂದನ್ನು ಕೊಂಡು, 1922ರಲ್ಲಿ ಅದರಲ್ಲೇ 14,000 ಅಡಿ ಏರಿದರು. ತಂದೆತಾಯಿ ಬೇರೆಯಾದಾಗ ವಿಮಾನ ಮಾರಿ, ಕಾರು ಕೊಂಡು, ತಾಯಿಯನ್ನು ಕೂರಿಸಿಕೊಂಡು ಬಾಸ್ಟನ್‌ಗೆ ಬಂದರು. ಅಲ್ಲಿ ವಲಸೆ ಕುಟುಂಬಗಳ ನಡುವೆ ಸಮಾಜಸೇವಕಿಯಾದರು.

1928ರಲ್ಲಿ ವಿಮಾನ ಓಡಿಸಿದ್ದು ಯಾರು?

1928ರಲ್ಲಿ ಅಮೇಲಿಯಾ ವಿಮಾನ ಓಡಿಸಿ ಅಟ್ಲಾಂಟಿಕ್ ದಾಟಿದರು ಎಂದು ಎಷ್ಟೋ ಪೋಸ್ಟ್‌ಗಳಲ್ಲಿ ಬರೆದಿರುತ್ತದೆ. ಇದು ತಪ್ಪು. ಆ ವಿಮಾನ ಓಡಿಸಿದ್ದು ವಿಲ್ಮರ್ ಸ್ಟಲ್ಟ್ಜ್, ಜೊತೆಗಿದ್ದ ಮೆಕ್ಯಾನಿಕ್ ಲೂಯಿಸ್ ಗಾರ್ಡನ್. ಅಮೇಲಿಯಾ ಪ್ರಯಾಣಿಕರಷ್ಟೇ. ಆದರೂ ಹೊಗಳಿಕೆಯೆಲ್ಲ ಅವರ ಪಾಲಿಗೆ ಬಂತು. ಇದು ಅವರಿಗೇ ಹಿಡಿಸಲಿಲ್ಲ. ತಾನು ಬರೀ ಲಗೇಜಿನಂತಿದ್ದೆ ಎಂಬ ಅರ್ಥದಲ್ಲಿ ಬಹಿರಂಗವಾಗಿಯೇ ಹೇಳಿದರು.

ಆ ಕೊರತೆ ತುಂಬಿದ್ದು 1932ರ ಮೇ 20ರಂದು. ಕೆನಡಾ ಪಕ್ಕದ ನ್ಯೂಫೌಂಡ್‌ಲ್ಯಾಂಡ್‌ನಿಂದ ಒಬ್ಬರೇ ಹೊರಟರು. ಎತ್ತರ ತೋರಿಸುವ ಉಪಕರಣ ಕೆಟ್ಟಿತು, ರೆಕ್ಕೆಗೆ ಮಂಜುಗಡ್ಡೆ ಕಟ್ಟಿತು, ಎಂಜಿನ್ನಿನ ಹೊಗೆಕೊಳವೆ ಬಿರುಕುಬಿಟ್ಟು ಬೆಂಕಿ ಕಾಣಿಸಿತು. ಸುಮಾರು 15 ಗಂಟೆಗಳ ನಂತರ ಉತ್ತರ ಐರ್ಲೆಂಡ್‌ನ ಹುಲ್ಲುಗಾವಲೊಂದರಲ್ಲಿ ಇಳಿದರು. ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ಹಾರಿ ದಾಟಿದ ಮೊದಲ ಮಹಿಳೆ ಅವರು. 1935ರ ಜನವರಿಯಲ್ಲಿ ಹವಾಯಿಯ ಹೊನೊಲುಲುವಿನಿಂದ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ಗೂ ಒಬ್ಬರೇ ಹಾರಿದರು.

ಭೂಮಿಗೆ ಒಂದು ಸುತ್ತು

1937ರಲ್ಲಿ ಭೂಮಧ್ಯರೇಖೆಯ ಹತ್ತಿರದಲ್ಲೇ ಭೂಮಿ ಸುತ್ತುವ ಪ್ರಯತ್ನ. ಈ ಸಲ ಒಂಟಿಯಲ್ಲ. ಮಾರ್ಚ್‌ನ ಮೊದಲ ಪ್ರಯತ್ನ ಹವಾಯಿಯ ರನ್‌ವೇಯಲ್ಲೇ ಅಪಘಾತದಿಂದ ನಿಂತಿತು. ನಂತರ ರೇಡಿಯೋ ಬಲ್ಲ ಹ್ಯಾರಿ ಮ್ಯಾನಿಂಗ್ ತಂಡ ಬಿಟ್ಟರು. ದಾರಿ ಲೆಕ್ಕ ಹಾಕುವ ಫ್ರೆಡ್ ನೂನನ್ ಮಾತ್ರ ಉಳಿದರು. ಅಮೇಲಿಯಾ, ನೂನನ್ ಇಬ್ಬರಿಗೂ ಮೋರ್ಸ್ ಸಂಕೇತದಲ್ಲಿ ಪಳಗಿದ ಕೈ ಇರಲಿಲ್ಲ.

ಜೂನ್ 1ರಂದು ಮಯಾಮಿಯಿಂದ ಹೊರಟು ದಕ್ಷಿಣ ಅಮೆರಿಕ, ಆಫ್ರಿಕಾ ದಾಟಿ, ಆಗ ಅವಿಭಜಿತ ಭಾರತದಲ್ಲಿದ್ದ ಕರಾಚಿಗೆ ಬಂದರು. ಅಲ್ಲಿ ಒಂಟೆ ಸವಾರಿಯನ್ನೂ ಮಾಡಿದರು. ಆಮೇಲೆ ಕಲ್ಕತ್ತಾ. ಮುಂಗಾರು ಮಳೆಗೆ ಡಂಡಂ ನಿಲ್ದಾಣ ನೆನೆದು ಮೆತ್ತಗಾಗಿತ್ತು. ಬರ್ಮಾ, ಸಿಂಗಪುರ, ಆಸ್ಟ್ರೇಲಿಯಾ ಮುಗಿಸಿ ನ್ಯೂಗಿನಿಯ ಲೇ ಪಟ್ಟಣ ತಲುಪಿದರು. ಮುಂದೆ ಉಳಿದಿದ್ದು ಪೆಸಿಫಿಕ್ ಸಾಗರ.

ಆ ಒಂದು ದಿನ

ಜುಲೈ 2ರ ಬೆಳಗ್ಗೆ 10ಕ್ಕೆ ವಿಮಾನ ಲೇ ಬಿಟ್ಟಿತು. ಗುರಿ ಹೌಲ್ಯಾಂಡ್ ದ್ವೀಪ. ದೂರ ಸುಮಾರು 4,100 ಕಿ.ಮೀ. ದ್ವೀಪದ ಉದ್ದ ಸುಮಾರು 2 ಕಿ.ಮೀ., ಅಗಲ ಒಂದು ಕಿ.ಮೀ.ಗೂ ಕಡಿಮೆ, ಎತ್ತರ ಸುಮಾರು 6 ಮೀಟರ್. ಇಷ್ಟು ದೂರದಲ್ಲಿ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೂ ಕೊನೆಗೆ 70 ಕಿ.ಮೀ. ಪಕ್ಕಕ್ಕೆ ಹೋಗಿರುತ್ತೀರಿ. ಮೋಡದ ನೆರಳು ಸಮುದ್ರದ ಮೇಲೆ ಬಿದ್ದರೆ ಅದೂ ದ್ವೀಪದಂತೆಯೇ ಕಾಣುತ್ತದೆ.

ದ್ವೀಪದ ಬಳಿ ಇಟಾಸ್ಕಾ ಎಂಬ ಅಮೆರಿಕದ ಹಡಗು ಕಾಯುತ್ತಿತ್ತು. ದಾರಿಯಲ್ಲಿ ದಿನರೇಖೆ ದಾಟಿದ್ದರಿಂದ ರಾತ್ರಿ ಕಳೆದರೂ ಅಲ್ಲಿ ಇನ್ನೂ ಜುಲೈ 2. ಬೆಳಗ್ಗೆ 7.42ಕ್ಕೆ ಅಮೇಲಿಯಾ ಅವರ ದನಿ ಹಡಗಿಗೆ ಜೋರಾಗಿಯೇ ಕೇಳಿತು. ನಿಮ್ಮ ಹತ್ತಿರವೇ ಇರಬೇಕು, ಆದರೆ ಕಾಣುತ್ತಿಲ್ಲ, ಇಂಧನ ಕಡಿಮೆಯಾಗುತ್ತಿದೆ ಎಂಬುದು ಅದರ ಸಾರ. ಹಡಗಿನವರು ಮಾತಿನಲ್ಲಿ ಕೊಟ್ಟ ಉತ್ತರ ಅವರಿಗೆ ಕೇಳಲಿಲ್ಲ. ಅವರು ಕೇಳಿದಂತೆ 7,500 ಕಿಲೋಹರ್ಟ್ಸ್‌ನಲ್ಲಿ ಕಳಿಸಿದ ಸಂಕೇತ ಕೇಳಿಸಿತು. ಆದರೆ ಅದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಹಿಡಿಯಲಾಗಲಿಲ್ಲ. ವಿಮಾನದ ದಿಕ್ಕು ಹುಡುಕುವ ಆಂಟೆನಾ ಕೆಲಸ ಮಾಡುತ್ತಿದ್ದುದು ಇದಕ್ಕಿಂತ ಬಹಳ ಕೆಳಗಿನ ತರಂಗಗಳಲ್ಲಿ.

8.43ಕ್ಕೆ ಕೊನೆಯ ಮುಖ್ಯ ಸಂದೇಶ ಬಂತು. 157–337 ಎಂಬ ಗೆರೆಯ ಮೇಲೆ ಇದ್ದೇವೆ, ಅದರ ಉದ್ದಕ್ಕೂ ಹಾರುತ್ತಿದ್ದೇವೆ ಎಂಬ ಅರ್ಥದ್ದು. ಇದೇನು ರಹಸ್ಯ ಸಂಕೇತವಲ್ಲ. ಬೆಳಗಿನ ಸೂರ್ಯನನ್ನು ನೋಡಿ ಲೆಕ್ಕ ಹಾಕಿದರೆ ನೀವು ಇರುವ ಗೆರೆ ಮಾತ್ರ ಸಿಗುತ್ತದೆ, ಜಾಗ ಸಿಗುವುದಿಲ್ಲ. ಹೆದ್ದಾರಿಯಲ್ಲಿದ್ದೇನೆ ಎಂದು ಹೇಳಿ, ಎಷ್ಟನೇ ಮೈಲಿಗಲ್ಲಿನ ಹತ್ತಿರ ಎಂದು ಹೇಳದಿದ್ದ ಹಾಗೆ. ದ್ವೀಪ ಆ ಗೆರೆಯಲ್ಲಿ ಮುಂದಿದೆಯೋ ಹಿಂದಿದೆಯೋ ತಿಳಿಯುವಂತಿರಲಿಲ್ಲ. ಅದನ್ನು ತಿಳಿಸಬೇಕಿದ್ದುದು ರೇಡಿಯೋ.

ಹಡಗುಗಳು, ವಿಮಾನಗಳು ಹುಡುಕಿದವು. ಜುಲೈ 19ಕ್ಕೆ ಹುಡುಕಾಟ ನಿಂತಿತು. 1939ರ ಜನವರಿಯಲ್ಲಿ ಅಮೇಲಿಯಾ ಮೃತರೆಂದು ನ್ಯಾಯಾಲಯ ಘೋಷಿಸಿತು.

ಈಗ ಫಾರ್ವರ್ಡ್‌ಗಳಿಗೆ ಬರೋಣ

ಸೆರೆಯ ಫೋಟೋ: 2017ರಲ್ಲಿ ಟಿವಿ ಕಾರ್ಯಕ್ರಮವೊಂದು ಇದನ್ನು ಸಾಕ್ಷಿ ಎಂದು ತೋರಿಸಿತು. ಕೆಲವೇ ದಿನಗಳಲ್ಲಿ ಜಪಾನಿನ ಬ್ಲಾಗರ್ ಒಬ್ಬರು ತಮ್ಮ ದೇಶದ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲಿ ಅದೇ ಫೋಟೋ ಇರುವ ಪುಸ್ತಕ ಹುಡುಕಿ ತೆಗೆದರು. ಪುಸ್ತಕ ಅಚ್ಚಾಗಿದ್ದು 1935ರಲ್ಲಿ. ಅಮೇಲಿಯಾ ಕಾಣೆಯಾಗಿದ್ದು ಅದಾಗಿ ಎರಡು ವರ್ಷಕ್ಕೆ.

ದ್ವೀಪದಲ್ಲಿ ಸಿಕ್ಕ ಮೂಳೆ: 1940ರಲ್ಲಿ ಹೌಲ್ಯಾಂಡ್‌ನಿಂದ ಸುಮಾರು 650 ಕಿ.ಮೀ. ದೂರದ ನಿಕುಮರೊರೊ ದ್ವೀಪದಲ್ಲಿ ಮೂಳೆಗಳು ಸಿಕ್ಕಿದ್ದು ನಿಜ. ಪರೀಕ್ಷಿಸಿದ ವೈದ್ಯರು ಗಂಡಸಿನದು ಎಂದರು. 2018ರಲ್ಲಿ ಒಬ್ಬ ವಿಜ್ಞಾನಿ ಹಳೆಯ ಅಳತೆಗಳನ್ನು ಮತ್ತೆ ಲೆಕ್ಕ ಹಾಕಿ, ಅಮೇಲಿಯಾ ಅವರಿಗೆ ಹೊಂದುತ್ತವೆ ಎಂದರು. ಮೂಳೆಗಳೇ ಕಳೆದುಹೋಗಿರುವುದರಿಂದ ಡಿಎನ್‌ಎ ಪರೀಕ್ಷೆ ಆಗುವಂತಿಲ್ಲ. 2019ರಲ್ಲಿ, ಟೈಟಾನಿಕ್ ಹುಡುಕಿದ ರಾಬರ್ಟ್ ಬಲ್ಲಾರ್ಡ್ ಆ ದ್ವೀಪದ ಸುತ್ತಲ ಸಮುದ್ರ ಜಾಲಾಡಿದರು. ವಿಮಾನ ಸಿಗಲಿಲ್ಲ.

ಸಮುದ್ರದಡಿಯ ವಿಮಾನ: 2024ರ ಜನವರಿಯಲ್ಲಿ ಸೋನಾರ್ ಚಿತ್ರವೊಂದು ಸುದ್ದಿಯಾಯಿತು. ಅದೇ ವರ್ಷ ನವೆಂಬರ್‌ನಲ್ಲಿ, ಅದು ಬಂಡೆ ಎಂದು ಹುಡುಕಿದ ಕಂಪನಿಯೇ ಒಪ್ಪಿಕೊಂಡಿತು. ಮೊದಲ ಸುದ್ದಿ ಹರಡಿದಷ್ಟು ಎರಡನೆಯದು ಹರಡಲಿಲ್ಲ.

ಹಾಗಾದರೆ ಏನಾಗಿರಬಹುದು? ಇಂಧನ ಮುಗಿದು ವಿಮಾನ ಹೌಲ್ಯಾಂಡ್ ಹತ್ತಿರದ ಸಮುದ್ರಕ್ಕೆ ಬಿದ್ದಿದೆ ಎಂಬುದು ಹೆಚ್ಚು ಜನ ತಜ್ಞರು ಒಪ್ಪುವ ವಿವರಣೆ. ಅಲ್ಲಿ ಸಮುದ್ರ ಸುಮಾರು 5 ಕಿ.ಮೀ. ಆಳ. ಹುಡುಕುವುದು ಸುಲಭವಲ್ಲ. ಆದರೆ ವಿಮಾನ ಸಿಕ್ಕಿಲ್ಲ ಎಂದ ಮಾತ್ರಕ್ಕೆ ಯಾರೋ ಬಚ್ಚಿಟ್ಟಿದ್ದಾರೆ ಎಂದಾಗುವುದಿಲ್ಲ.

ಸೆರೆಯ ಕಥೆ ಹರಡುವವರು ಇಬ್ಬರು ಸತ್ತ ರೀತಿಯ ಬಗ್ಗೆ, ಜೊತೆಗೆ ಇನ್ನೊಂದು ದೇಶದ ಜನ ಕೊಲೆ ಮಾಡಿದರು ಎಂದು ಆಧಾರವಿಲ್ಲದೆ ಹೇಳುತ್ತಿದ್ದಾರೆ. ಆದ್ದರಿಂದ ಮುಂದಿನ ಸಲ ಆ ಫೋಟೋ ಬಂದಾಗ, ಅದು ಮೊದಲು ಅಚ್ಚಾದ ವರ್ಷ ಯಾವುದು ಎಂದು ಕೇಳಿ. ಕಳಿಸಿದವರಿಗೆ 1935 ಎಂದು ತಿಳಿಸಿ. ಏನನ್ನಾದರೂ ಹಂಚಲೇಬೇಕು ಎನಿಸಿದರೆ, ಬೇರೆಯವರ ದುಡಿಮೆಗೆ ಸಿಕ್ಕ ಹೊಗಳಿಕೆಯನ್ನು ಒಪ್ಪದೆ, ನಾಲ್ಕು ವರ್ಷದ ನಂತರ ತಾವೇ ಹಾರಿ ತೋರಿಸಿದ ಹೆಣ್ಣುಮಗಳ ಕಥೆ ಹಂಚಿ. ಅದಕ್ಕೆ ದಾಖಲೆ ಇದೆ.